ಡಾಂಬರು ಬಳಿದ ಡ್ರಾಯಿಂಗ್

18 ಜುಲೈ 2025, ಶುಕ್ರವಾರ
ಬೆಳಗಾವಿ

ಬೆಳಿಗ್ಗೆ ಒಂಬತ್ತೂವರೆ. ರೇನ್‌ಕೋಟ್ ಇನ್ನೂ ಬಿಚ್ಚಿರಲಿಲ್ಲ, ಫೋನ್ ಬಂತು. ಪ್ಯಾಟರ್ನ್ ಅಂಗಡಿಯವರು, ನಮ್ಮ ಡ್ರಾಯಿಂಗ್ ನೋಡಿ ಎರಕದ ಅಚ್ಚಿಗೆ ಮಾದರಿ ಮಾಡುವವರು.

"ಅಕ್ಕಾರ, ಡ್ರಾಯಿಂಗ್ ಕಳಿಸೀರೋ, ಹಾಳಿಗೆ ಡಾಂಬರ ಹಚ್ಚಿ ಕಳಿಸೀರೋ? ಏನೂ ತಿಳೀವಲ್ದು."

ನಿನ್ನೆ ಸಂಜೆ ಅವಸರದಲ್ಲಿ ಕಳಿಸಿದ್ದು ಒಂದು ಪಂಪ್ ಕೇಸಿಂಗ್‌ನ (ಪಂಪಿನ ಹೊರಕವಚದ) ಸೆಕ್ಷನ್, ಅಂದರೆ ಕತ್ತರಿಸಿ ಒಳಗು ತೋರಿಸುವ ಚಿತ್ರ. ಲೋಹ ಕತ್ತರಿಸಿದ ಜಾಗಕ್ಕೆಲ್ಲ ಓರೆಗೆರೆ, ಅಂದರೆ ಹ್ಯಾಚ್ ಇರುತ್ತದಲ್ವಾ, ಅದು ಗೆರೆಯಾಗಿ ಉಳಿದೇ ಇರಲಿಲ್ಲ. ಕಪ್ಪು ತೇಪೆ ಹಾಕಿದ ಹಾಗಿತ್ತು. ಅದರೊಳಗೆ ಬರೆದಿದ್ದ ಅಳತೆಗಳೂ ಮುಳುಗಿಹೋಗಿದ್ದವು. ನಾನು ಡ್ರಾಯಿಂಗ್ ಬರೆಯುವ ಆಟೋಕ್ಯಾಡ್ ಸಾಫ್ಟ್‌ವೇರ್ ತೆರೆದರೆ ಎಲ್ಲಾ ಕೂದಲೆಳೆಯಷ್ಟು ಸಣ್ಣ, ಚೆಂದ.

ಮೊದಲು ಅನುಮಾನ ಬಂದದ್ದು ಪಿಡಿಎಫ್ ತೋರಿಸುವ ಅಡೋಬ್ ರೀಡರ್ ಮೇಲೆ. ಪ್ರಿಫರೆನ್ಸಸ್‌ನ ಪೇಜ್ ಡಿಸ್‌ಪ್ಲೇಯಲ್ಲಿ 'ಎನ್‌ಹ್ಯಾನ್ಸ್ ಥಿನ್ ಲೈನ್ಸ್' ಅಂತ ಒಂದು ಟಿಕ್ ಇದೆ. ಸಣ್ಣ ಗೆರೆ ಕಣ್ಣಿಗೆ ಕಾಣಲಿ ಅಂತ ಅದನ್ನು ಪರದೆ ಮೇಲೆ ದಪ್ಪ ಮಾಡಿ ತೋರಿಸುತ್ತದೆ. ಬಿಡಿ ಗೆರೆಗೆ ಒಳ್ಳೆಯದೇ, ಒತ್ತಾದ ಹ್ಯಾಚ್ ಇದ್ದರೆ ಕೆಲಸ ಕೆಟ್ಟಿತು. ಇದನ್ನು ಹಿಡಿಯೋದು ಸುಲಭ. ಝೂಮ್ ಮಾಡುತ್ತಾ ಹೋಗಿ. ಗೆರೆಗಳ ನಡುವಿನ ಸಂದು ಮಾತ್ರ ಅಗಲವಾಗಿ ಗೆರೆ ಹಾಗೇ ಉಳಿದರೆ ಅದು ರೀಡರ್ ಆಟ. ಸಂದಿನ ಜೊತೆ ಗೆರೆಯೂ ಊದುತ್ತಾ ಬಂದರೆ ಫೈಲಿನಲ್ಲೇ ದಪ್ಪ ಇದೆ ಅಂತ ಅರ್ಥ. ಟಿಕ್ ತೆಗೆದೆ, ಸ್ವಲ್ಪ ತೆಳುವಾಯಿತು. ಆದರೆ ಝೂಮ್ ಮಾಡಿದರೆ ಗೆರೆ ಊದುತ್ತಲೇ ಇತ್ತು. ಪ್ಯಾಟರ್ನ್ ಅಂಗಡಿಯವರು ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದೂ ನೋಡಿದ್ದರು, ಅಲ್ಲೂ ಇದೇ ಕಥೆ. ಹಾಗಾದರೆ ತಪ್ಪು ನನ್ನದೇ.

ಚಹಾ ಬಂತು. ಹೊರಗೆ ಉದ್ಯಮಬಾಗಿನ ರಸ್ತೆ ತುಂಬಾ ನೀರು.

ಆಟೋಕ್ಯಾಡ್‌ನ ಪ್ಲಾಟ್ ಡೈಲಾಗ್, ಅಂದರೆ ಪ್ರಿಂಟ್ ಅಥವಾ ಪಿಡಿಎಫ್ ತೆಗೆಯುವ ಕಿಟಕಿ, ತೆರೆದು ಈ ಸಲ ನಿಧಾನವಾಗಿ ಓದಿದೆ. ಪ್ಲಾಟ್ ಸ್ಟೈಲ್ ಜಾಗದಲ್ಲಿ 'ಮೊನೋಕ್ರೋಮ್.ಸಿಟಿಬಿ' ಅಂತ ಇತ್ತು. ಸಿಟಿಬಿ ಅಂದರೆ ಯಾವ ಬಣ್ಣದ ಗೆರೆ ಹೇಗೆ ಪ್ರಿಂಟ್ ಆಗಬೇಕು ಅಂತ ಹೇಳುವ ಫೈಲ್. ಆಗ ನೆನಪಾಯಿತು. ಹೋದ ವಾರ ನನ್ನ ಕಂಪ್ಯೂಟರ್ ಫಾರ್ಮ್ಯಾಟ್ ಆಗಿತ್ತು. ನಮ್ಮ ಆಫೀಸಿನ ಸಿಟಿಬಿ ಫೈಲ್ ಅದರ ಜೊತೆಗೇ ಹೋಗಿತ್ತು. ಹೆಸರಿನ ಮುಂದೆ 'ಮಿಸ್ಸಿಂಗ್' ಅಂತ ಬಂದಾಗ ಕಪ್ಪು-ಬಿಳುಪು ಬಂದರೆ ಸಾಕು ಅಂತ ಸುಮ್ನೆ ಮೊನೋಕ್ರೋಮ್ ಆರಿಸಿ ಮುಂದಕ್ಕೆ ಹೋಗಿದ್ದೆ.

ನಮ್ಮಲ್ಲಿ ಗೆರೆಯ ದಪ್ಪ ಬಣ್ಣದ ಮೇಲೆ ನಡೆಯುತ್ತದೆ. ಅಂಚಿಗೆ ಒಂದು ಬಣ್ಣ, ಅದು 0.5 ಮಿಮೀ. ಹ್ಯಾಚ್‌ಗೆ 8ನೇ ಬಣ್ಣ, ಅದು 0.13. ಈ ಲೆಕ್ಕ ಎಲ್ಲ ಇರೋದು ಆ ಸಿಟಿಬಿಯಲ್ಲಿ. ಮೊನೋಕ್ರೋಮ್ ಎಲ್ಲಾ ಬಣ್ಣಕ್ಕೂ ಕಪ್ಪು ಬಳಿಯುತ್ತದೆ, ದಪ್ಪದ ವಿಷಯ ಮಾತ್ರ ಗೆರೆಗೇ ಬಿಟ್ಟುಬಿಡುತ್ತದೆ. ಗೆರೆಗಳನ್ನು ಗುಂಪು ಮಾಡಿಡುವ ನಮ್ಮ ಲೇಯರುಗಳಲ್ಲಿ ದಪ್ಪ ಯಾರೂ ತುಂಬಿಲ್ಲ, ಎಲ್ಲ 'ಡಿಫಾಲ್ಟ್'. ಡಿಫಾಲ್ಟ್ ಅಂದರೆ 0.25. ಅಂಚೂ ಅಷ್ಟೇ, ಹ್ಯಾಚೂ ಅಷ್ಟೇ. ಪರದೆ ಮೇಲೆ ಗೊತ್ತಾಗದೇ ಇದ್ದದ್ದು ಯಾಕೆ ಅಂದರೆ ಕೆಳಗಿನ ಪಟ್ಟಿಯಲ್ಲಿ ಲೈನ್‌ವೇಟ್ ಬಟನ್ ಆಫ್ ಇತ್ತು. ಚಿತ್ರ ಬರೆಯುವ ಜಾಗವಾದ ಮಾಡೆಲ್‌ನಲ್ಲಿ ಅದನ್ನು ಆನ್ ಮಾಡಿದರೂ ನಂಬಬೇಡಿ, ಅಲ್ಲಿ ಎಷ್ಟು ಝೂಮ್ ಮಾಡಿದರೂ ಗೆರೆ ಅಷ್ಟೇ ದಪ್ಪ ಕಾಣುತ್ತದೆ. ನಿಜ ಕಾಣೋದು ಪ್ರಿಂಟಿನ ಹಾಳೆ ಜೋಡಿಸುವ ಲೇಔಟ್‌ನಲ್ಲಿ.

ಪಕ್ಕದ ಟೇಬಲ್ಲಿನ ಕಂಪ್ಯೂಟರಿನಿಂದ ಸಿಟಿಬಿ ತಂದೆ. 'ಸ್ಟೈಲ್ಸ್‌ಮ್ಯಾನೇಜರ್' ಅಂತ ಹೊಡೆದರೆ ಫೋಲ್ಡರ್ ತಾನೇ ತೆರೆಯುತ್ತದೆ, ಅದರಲ್ಲಿ ಹಾಕಿದೆ. ಮತ್ತೆ ಪಿಡಿಎಫ್. ಹ್ಯಾಚ್ ಹಗುರಾಯಿತು, ಆದರೆ ಅಂಚು ಈಗ ಮೊದಲಿಗಿಂತ ದಪ್ಪ!

ನಮ್ಮ ಕಾಕಾ ಹಿಂದೆ ನಿಂತು ನೋಡುತ್ತಿದ್ದರು. ಟ್ರೇಸಿಂಗ್ ಪೇಪರಿನ ಮೇಲೆ ಇಂಕ್ ಪೆನ್ನಿನಲ್ಲಿ ಬರೆದು, ತಪ್ಪಾದರೆ ಬ್ಲೇಡಿನಿಂದ ಕೆರೆದು ಕಲಿತ ಕೈ ಅವರದು. ಮೌಸ್ ಮುಟ್ಟೋದಿಲ್ಲ.

"ಲೇಔಟ್ ಯಾವ ಹಾಳಿದು?"

"ಎ1, ಕಾಕಾ. ಫಿಟ್ ಮಾಡಿ ಎ3ಗೆ ಕೊಟ್ಟೀನಿ."

"ಹಾಳಿ ಅರ್ಧ ಆತು. ಪೆನ್ನು ಅರ್ಧ ಆಗಬ್ಯಾಡೇನು?"

ಅಲ್ಲೇ ಇತ್ತು. ಚಿತ್ರ ಕುಗ್ಗುತ್ತದೆ, ಗೆರೆಯ ದಪ್ಪ ಕುಗ್ಗೋದಿಲ್ಲ. ನಿನ್ನೆಯ ಡಾಂಬರಿನ ಲೆಕ್ಕ ಹಾಕಿ ನೋಡಿದೆ. ಎ1ರಲ್ಲಿ ಒಂದು ಹ್ಯಾಚ್ ಗೆರೆಯ ನಡುವಿನಿಂದ ಇನ್ನೊಂದರ ನಡುವಿಗೆ 1 ಮಿಮೀ ಅಂದುಕೊಳ್ಳಿ, ಗೆರೆ 0.13. ಹ್ಯಾಚ್ ಜಾಗದ ನೂರರಲ್ಲಿ 13 ಪಾಲು ಕಪ್ಪು. ಎ3ಗೆ ಬಂದಾಗ ಆ ದೂರ 0.5, ಮೊನೋಕ್ರೋಮ್‌ನಿಂದಾಗಿ ಗೆರೆ 0.25. ಅರ್ಧಕ್ಕರ್ಧ ಕಪ್ಪು!

ಕಾಕಾ ತಮ್ಮ ಪೆನ್ನುಗಳನ್ನು ಎಣಿಸಿದರು, 0.13, 0.18, 0.25, 0.35, 0.5, 0.7. ಒಂದೊಂದೂ ಹಿಂದಿನದಕ್ಕಿಂತ ಹೆಚ್ಚುಕಮ್ಮಿ 1.4 ಪಟ್ಟು. ಎ3ರಿಂದ ಎ2, ಎ2ರಿಂದ ಎ1ಕ್ಕೆ ಹೋಗುವಾಗ ಹಾಳೆಯ ಬದಿ ಬೆಳೆಯೋದೂ ಅಷ್ಟೇ ಪಟ್ಟು. ಹಾಳೆ ಒಂದು ಮೆಟ್ಟಿಲು ಇಳಿದರೆ ಪೆನ್ನೂ ಒಂದು ಮೆಟ್ಟಿಲು ಇಳಿಸಬೇಕು. ಇಷ್ಟು ವರ್ಷ ಈ ನಂಬರುಗಳನ್ನು ಒತ್ತುತ್ತಿದ್ದೇನೆ, ಯಾಕೆ ಹೀಗೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಪ್ಲಾಟ್ ಡೈಲಾಗಿನಲ್ಲಿ ಸ್ಕೇಲ್ ಕೆಳಗೆ 'ಸ್ಕೇಲ್ ಲೈನ್‌ವೇಟ್ಸ್' ಅಂತ ಒಂದು ಟಿಕ್ ಇದೆ. ಲೇಔಟ್‌ನಿಂದ ಪ್ಲಾಟ್ ಮಾಡುವಾಗ ಮಾತ್ರ ಸಿಗುತ್ತದೆ. ಹಾಕಿದೆ. ಅಂಚು 0.25ಕ್ಕೆ ಇಳಿಯಿತು, ಹ್ಯಾಚ್ 0.065ಕ್ಕೆ. ಇದು ಅತಿಯಾಯಿತು. 600 ಡಿಪಿಐ (ಇಂಚಿಗೆ 600 ಚುಕ್ಕೆ) ಪ್ರಿಂಟರಿನ ಒಂದು ಚುಕ್ಕೆಯೇ 0.042 ಮಿಮೀ, ಗೆರೆ ಅಲ್ಲಲ್ಲಿ ಸತ್ತಿತ್ತು. ಹ್ಯಾಚ್ ಪೆನ್ನನ್ನು 0.18 ಮಾಡಿದೆ, ಕುಗ್ಗಿ 0.09. ಸರಿ ಬಂತು.

ಒಂದು ಗೆರೆ ಮಾತ್ರ ಕಬ್ಬಿನ ಗಳದ ಹಾಗೆ ಮಲಗಿಯೇ ಇತ್ತು. ಪಾರ್ಟಿಯವರ (ಗಿರಾಕಿಯ) ಫೈಲಿನಿಂದ ಬಂದ ಪಾಲಿಲೈನ್, ಅಂದರೆ ತುಂಡುಗಳು ಸೇರಿ ಒಂದೇ ಆದ ಗೆರೆ. ಅದಕ್ಕೆ ಸ್ವಂತ ಅಗಲ ಕೊಟ್ಟಿದ್ದರು. ಅಂಥದಕ್ಕೆ ಸಿಟಿಬಿ ಹೇಳಿದ ದಪ್ಪ ನಾಟೋದಿಲ್ಲ. ಪಿಎಡಿಟ್ ಕಮಾಂಡ್, ವಿಡ್ತ್ (ಅಗಲ), ಸೊನ್ನೆ. ಮುಗಿಯಿತು.

ಹನ್ನೆರಡಕ್ಕೆ ಕಳಿಸಿದೆ. ಹತ್ತು ನಿಮಿಷದಲ್ಲಿ ಮತ್ತೆ ಫೋನ್.

"ಅಕ್ಕಾರ, ಈಗ ಕನ್ನಡಿ ಆಗೇತಿ ನೋಡ್ರಿ. ಹೌದ, ರಿಬ್ಬಿನ ದಪ್ಪ ಸೆಕ್ಷನ್‌ನ್ಯಾಗ 8 ಅಂತೈತಿ, ಕೆಳಗ ನೋಟ್‌ನ್ಯಾಗ 6 ಅಂತ ಬರದೀರಿ. ಯಾವುದು ಹಿಡೀಲಿ?"