ಕಡಲಿಲ್ಲದ ಊರಲ್ಲಿ ತೂಫಾನಿನ ಲೆಕ್ಕ

ಮೇ ತಿಂಗಳಲ್ಲಿ ಕಲಬುರಗಿಯ ಯಾವ ಮನೆಗೆ ಹೋದರೂ ಬಿಸಿಲಿನ ಮಾತೇ. ನಮ್ಮ ಮನೆಯಲ್ಲಿ ಮಾತ್ರ ಬಂಗಾಳ ಕೊಲ್ಲಿಯ ಮಾತು ಜಾಸ್ತಿ. ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಮಾಮಾನದೊಂದು ಸಣ್ಣ ದಾಲ್‌ಮಿಲ್ ಇದೆ. ಅದರ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಏಪ್ರಿಲ್ ಕೊನೆಯಾಯಿತೆಂದರೆ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಒಂದು ಗ್ರಾಫ್ ಹಾಳೆ ಬಂದು ಕೂರುತ್ತದೆ. ಕೆಳಗಡೆ ರೇಖಾಂಶ, ಎಡಗಡೆ ಅಕ್ಷಾಂಶ. ಹವಾಮಾನ ಇಲಾಖೆಯ ಪ್ರಕಟಣೆ ಬಂದಾಗಲೆಲ್ಲ ಚಂಡಮಾರುತ ಎಲ್ಲಿದೆಯೋ ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಚುಕ್ಕಿ ಇಡುತ್ತೇನೆ.

"ಸಮುದ್ರ ಎಲ್ಲದ, ನಾವೆಲ್ಲಿ ಅದೀವ್ರಿ?" ಅಂತ ಮಿಲ್ಲಿಗೆ ಬಂದವರು ಕೇಳುತ್ತಾರೆ. ದೂರ ಇರುವುದು ಹೌದು. ನೇರ ಗೆರೆ ಎಳೆದರೆ ಆಂಧ್ರ ಕರಾವಳಿಯ ಮಚಲೀಪಟ್ಟಣ ಇಲ್ಲಿಂದ ಸುಮಾರು 470 ಕಿಲೋಮೀಟರ್. ಆದರೆ ಚಂಡಮಾರುತದ ಮೋಡಗಳಿಗೆ ಅದೇನು ದೊಡ್ಡ ದೂರವಲ್ಲ. ನಮ್ಮ ಕಸುಬಿಗೆ ಬೇಕಾದದ್ದೇ ಬಿಸಿಲು. ಮೋಡ ಬಂದರೂ ಸಾಕು, ಕೆಲಸ ನಿಲ್ಲುತ್ತದೆ. ಮಳೆಯೇ ಬೀಳಬೇಕೆಂದಿಲ್ಲ.

ತೊಗರಿ ಹೊಲದಿಂದ ಬಂದ ಕೂಡಲೇ ಬೇಳೆಯಾಗುವುದಿಲ್ಲ. ಅದರ ಸಿಪ್ಪೆ ಕಾಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಮೊದಲು ಕಸಕಡ್ಡಿ ತೆಗೆದು, ಕಾಳನ್ನು ಒರಟು ಉರುಳೆಯಲ್ಲಿ ಹಾಯಿಸಿ ಸಿಪ್ಪೆಗೆ ಗೀರು ಬೀಳುವಂತೆ ಮಾಡುತ್ತೇವೆ. ಆಮೇಲೆ ಸ್ವಲ್ಪ ಎಣ್ಣೆ ಹಚ್ಚುತ್ತೇವೆ. ಎಣ್ಣೆ ಆ ಗೀರುಗಳಿಂದ ಒಳಗೆ ಇಳಿದು ಸಿಪ್ಪೆಯ ಅಂಟು ಬಿಡಿಸುತ್ತದೆ. ಮುಂದಿನದು ಅಂಗಳದ ಕೆಲಸ. ಸಿಮೆಂಟ್ ಅಂಗಳದ ಮೇಲೆ ಕಾಳನ್ನು ತೆಳ್ಳಗೆ ಹರವಿ ದಿನಗಟ್ಟಲೆ ಒಣಗಿಸಬೇಕು. ಹೆಣ್ಣುಮಕ್ಕಳು ಬರಿಗಾಲಲ್ಲಿ ಕಾಳಿನ ನಡುವೆ ನಡೆಯುತ್ತ, ಕಾಲಿಂದಲೇ ಸಾಲು ಎಳೆಯುತ್ತ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡುತ್ತಾರೆ. ಒಣಗಿತೋ ಇಲ್ಲವೋ ಹೇಳುವುದು ಹಲ್ಲು. ಹಿರಿಯ ಹೆಣ್ಣುಮಗಳೊಬ್ಬಳು ಒಂದು ಕಾಳು ಬಾಯಿಗೆ ಹಾಕಿ ಕಚ್ಚುತ್ತಾಳೆ. ಕಟಕ್ ಅಂದು ಎರಡು ಹೋಳಾದರೆ ಒಣಗಿದೆ. ಹಲ್ಲಿಗೆ ಮೆತ್ತಗೆ ಸಿಕ್ಕರೆ ಇನ್ನೂ ಬಿಸಿಲು ಬೇಕು.

ಎಣ್ಣೆ ಹಚ್ಚಿದ ಕಾಳಿಗೆ ಬಿಸಿಲು ಸಿಗದಿದ್ದರೆ ಮಾಲು ಕೆಟ್ಟಿತೆಂದೇ ಲೆಕ್ಕ. ರಾಶಿ ಮಾಡಿ ಮುಚ್ಚಿಟ್ಟರೆ ಒಳಗೆ ಬಿಸಿಯಾಗಿ ಬಣ್ಣ ಹೋಗುತ್ತದೆ. ಮಿಲ್ಲಿಗೆ ಹಾಕಿದರೆ ಸಿಪ್ಪೆ ಬಿಡುವುದಿಲ್ಲ. ಬೇಳೆ ಕಡಿಮೆ ಬರುತ್ತದೆ, ಚೂರು ಮತ್ತು ಚುನ್ನಿ, ಅಂದರೆ ಸಿಪ್ಪೆ ಬೆರೆತ ಪುಡಿ, ಜಾಸ್ತಿ ಬರುತ್ತದೆ. ಚುನ್ನಿ ಹೋಗುವುದು ದನದ ಮೇವಿಗೆ, ಬೇಳೆಯ ದರ ಅದಕ್ಕೆ ಎಲ್ಲಿಂದ ಬರಬೇಕು? 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ನಮ್ಮ ಕಲಬುರಗಿ ತೊಗರಿಯನ್ನು ಹಾಗೆ ಹಾಳು ಮಾಡಲು ನನಗೆ ಮನಸ್ಸು ಬರುವುದಿಲ್ಲ. ದೊಡ್ಡ ಮಿಲ್ಲುಗಳಲ್ಲಿ ಡ್ರೈಯರ್ ಇವೆ. ನಮ್ಮಲ್ಲಿ ಇಲ್ಲ.

ಮಾಮಾ ಮೊದಲು ಇದನ್ನೆಲ್ಲ ಅಷ್ಟು ಹಚ್ಚಿಕೊಂಡಿರಲಿಲ್ಲ. ಅವರ ಮನಸ್ಸು ತಿರುಗಿದ್ದು 2020ರ ಅಕ್ಟೋಬರ್‌ನಲ್ಲಿ. ಆ ತಿಂಗಳ 13ರಂದು ಕಾಕಿನಾಡದ ಹತ್ತಿರ ದಡ ದಾಟಿದ ವಾಯುಭಾರ ಕುಸಿತ ಅಲ್ಲಿಗೇ ಸುಮ್ಮನಾಗಲಿಲ್ಲ. ಹೈದರಾಬಾದನ್ನು ಮುಳುಗಿಸಿತು, ನಮ್ಮ ಮೇಲೆ ಹಾದು ಮಹಾರಾಷ್ಟ್ರಕ್ಕೆ ಹೋಯಿತು, ಕೊನೆಗೆ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಭೀಮಾ ತುಂಬಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಪೂರ್ವದ ಕಡಲಿನ ಕುಸಿತ ನಮ್ಮ ತಲೆಯ ಮೇಲಿಂದ ಪಶ್ಚಿಮದ ಕಡಲಿಗೆ ಹೋದದ್ದನ್ನು ನೋಡಿದ ಮೇಲೆ ಮಾಮಾ ಗ್ರಾಫ್ ಹಾಳೆಯ ಬಗ್ಗೆ ಏನೂ ಅನ್ನಲಿಲ್ಲ.

ನಾನು ಹೇಳಬೇಕೆಂದಿರುವುದು 2022ರ ಮೇ ತಿಂಗಳ ಕಥೆ. ಅಸಾನಿ ಚಂಡಮಾರುತ ಬಂದ ವಾರದ್ದು.

ಅಂಡಮಾನ್ ಸಮುದ್ರದ ದಕ್ಷಿಣದಲ್ಲಿ ಮೊದಲು ಕಡಿಮೆ ಒತ್ತಡದ ಪ್ರದೇಶ ಎದ್ದಿತು. ಮೇ 8, ಭಾನುವಾರ ಅದು ಚಂಡಮಾರುತವಾಯಿತು. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಹೆಸರು ಬೀಳುತ್ತದೆ. ಈ ಹೆಸರು ಶ್ರೀಲಂಕಾ ಕೊಟ್ಟದ್ದು. ನಮ್ಮ ಕಡೆಯ ಎರಡೂ ಕಡಲಿನ ಚಂಡಮಾರುತಗಳಿಗಾಗಿ 13 ದೇಶಗಳು ತಲಾ 13ರಂತೆ 169 ಹೆಸರು ಬರೆದಿಟ್ಟ ಪಟ್ಟಿ 2020ರಲ್ಲಿ ಬಂತು, ಅದರಿಂದ ಸರದಿಯಂತೆ ತೆಗೆಯುತ್ತಾರೆ. ಅದೇ ದಿನ ಸಂಜೆಗೆ ಅಸಾನಿ ತೀವ್ರ ಚಂಡಮಾರುತವಾಗಿತ್ತು.

ಟಿವಿಯಲ್ಲಿ ಹೆಸರು ಬಂದ ಕೂಡಲೇ ಮಾಮಾ ಫೋನ್ ಮಾಡಿದರು. "ಎಷ್ಟು ಜೋರದಪಾ ಇದು?" ಅಂತ ಕೇಳಿದರು.

"ಜೋರು ಎಷ್ಟರ ಇರಲಿ ಮಾಮಾ, ಎತ್ತ ಹೋಗ್ತದ ಅನ್ನೋದು ನೋಡಬೇಕು" ಅಂದೆ.

ನನ್ನ ಅನುಭವದಲ್ಲಿ ನಮ್ಮಂಥ ಒಳನಾಡಿನವರಿಗೆ ಬೇಕಾದದ್ದು ಇದೇ. ಟಿವಿಯವರು ಗಾಳಿಯ ವೇಗವನ್ನೇ ದಿನವಿಡೀ ಹೇಳುತ್ತಾರೆ. ಕರಾವಳಿಯವರಿಗೆ ಅದು ಪ್ರಾಣದ ಪ್ರಶ್ನೆ, ಹೇಳಲೇಬೇಕು. ನಮಗೆ ಮುಖ್ಯ ದಾರಿ. ಭೂಮಿಯ ಉತ್ತರಾರ್ಧದಲ್ಲಿ ಚಂಡಮಾರುತದ ಗಾಳಿ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಅದು ಒಡಿಶಾ, ಬಂಗಾಳದ ಕಡೆ ಹೋದರೆ ನಾವು ಅದರ ನೈಋತ್ಯಕ್ಕೆ ಉಳಿಯುತ್ತೇವೆ. ಆಗ ನಮಗೆ ಸಿಗುವುದು ವಾಯವ್ಯದ ಒಣ ಗಾಳಿ. ಇದ್ದ ತೇವವನ್ನೂ ಅದು ಕಡಲಿನ ಕಡೆಗೆ ಎಳೆದುಕೊಂಡು ಹೋಗುತ್ತದೆ. ಬಿಸಿಲು ಇನ್ನೂ ಕೆರಳುತ್ತದೆ. 2020ರ ಮೇ 20ರಂದು ಅಂಫಾನ್ ಪಶ್ಚಿಮ ಬಂಗಾಳಕ್ಕೆ ಅಪ್ಪಳಿಸಿತಲ್ಲ, ಅದರ ಹಿಂದೆಯೇ ದೇಶದ ಬಹುಭಾಗದಲ್ಲಿ ಬಿಸಿಗಾಳಿ ಎದ್ದಿತ್ತು. ನಮ್ಮ ಅಂಗಳದಲ್ಲಿ ಮಧ್ಯಾಹ್ನ ಕಾಲಿಡುವಂತಿರಲಿಲ್ಲ. ತೊಗರಿ ಬೇಗ ಒಣಗಿತು, ನಿಜ. ಆದರೆ ಅದನ್ನು ತುಳಿಯುವವರ ಪಾದದ ಗತಿ ಏನಾಗಬೇಕು? ಅಂಥ ದಿನ ಬೆಳಗ್ಗೆ ಹತ್ತೂವರೆಯ ಮೇಲೆ ಯಾರನ್ನೂ ಅಂಗಳಕ್ಕೆ ಇಳಿಸಬಾರದು ಅಂತ ನಾನು ಆಗಿನಿಂದ ಹಟ ಹಿಡಿದಿದ್ದೇನೆ.

ಅದೇ ಚಂಡಮಾರುತ ಆಂಧ್ರದ ದಡಕ್ಕೆ ಬಂದರೆ ಲೆಕ್ಕವೇ ಬೇರೆ. ಆಗ ಈಶಾನ್ಯದಿಂದ ತೆಲಂಗಾಣ ಹಾದು ಕಡಲಿನ ತೇವ ಬರುತ್ತದೆ. ಮೋಡ, ಹನಿ, ಕೆಲವೊಮ್ಮೆ ಒಳ್ಳೆಯ ಮಳೆ. ಮೇ ತಿಂಗಳಲ್ಲಿ ಹೀಗೆ ಆಂಧ್ರಕ್ಕೆ ಬರುವುದು ಅಪರೂಪ. 1990ರ ಮೇ 9ರಂದು ಕೃಷ್ಣಾ ನದಿಯ ಮುಖಜ ಭೂಮಿಗೆ ಬಡಿದದ್ದು, 2010ರ ಮೇ 20ರಂದು ಬಾಪಟ್ಲಕ್ಕೆ ಬಂದ ಲೈಲಾ, ಇವೆರಡೂ ಮಾಮಾನ ನೆನಪಿನಲ್ಲಿವೆ. 1990ರದ್ದರ ಬಗ್ಗೆ ಹೇಳುವಾಗ ಅವರು ಮಾಲಿನ ಮಾತು ಎತ್ತುವುದಿಲ್ಲ. ಅಲ್ಲಿ ಅಷ್ಟು ಜನ ಸತ್ತರು ಅನ್ನುವುದನ್ನೇ ಹೇಳುತ್ತಾರೆ.

ಅಸಾನಿ ಎತ್ತ ಹೋಗಲಿತ್ತು? ಇಲಾಖೆಯ ಮೊದಲಿನ ಅಂದಾಜು ಇದ್ದದ್ದು ಹೀಗೆ: ವಾಯವ್ಯಕ್ಕೆ ಸಾಗುತ್ತದೆ, ದಡದ ಹತ್ತಿರ ಬಂದು ಈಶಾನ್ಯಕ್ಕೆ ಬಾಗುತ್ತದೆ, ಒಡಿಶಾದ ಕರಾವಳಿಗೆ ಸಮಾನಾಂತರವಾಗಿ ಕಡಲಲ್ಲೇ ಉಳಿಯುತ್ತದೆ. ಹಾಗಾದರೆ ನಮಗೆ ಬಿಸಿಲೇ ಬಿಸಿಲು. ಮಾಮಾಗೆ ಖುಷಿ. ಸೋಮವಾರ ಹೊಸ ಲಾಟಿಗೆ ಎಣ್ಣೆ ಹಚ್ಚೋಣ ಅಂದರು. ಗಂಜ್ ಮಾರುಕಟ್ಟೆಯಿಂದ ತಂದ ತೊಗರಿ ಚೀಲಗಳಲ್ಲಿ ಕಾದಿತ್ತು, ಆರ್ಡರ್ ಕೊಟ್ಟವರೂ ಕಾದಿದ್ದರು.

ಚಂಡಮಾರುತಕ್ಕೆ ತನ್ನದೇ ದಾರಿ ಅಂತ ಇರುವುದಿಲ್ಲ. ಹೊಳೆಗೆ ಬಿದ್ದ ಬುಗುರಿಯನ್ನು ನೀರು ಒಯ್ಯುವ ಹಾಗೆ, ಅದನ್ನು ಸುತ್ತಲಿನ ಮೇಲ್ಮಟ್ಟದ ಗಾಳಿ ಒಯ್ಯುತ್ತದೆ. ಅಧಿಕ ಒತ್ತಡದ ಪ್ರದೇಶವೊಂದು ಅಡ್ಡ ಕೂತಿದ್ದರೆ ಬಾಗುವುದು ತಡವಾಗುತ್ತದೆ. ಬಾಗುವುದು ಕೆಲವು ಗಂಟೆ ಹಿಂದುಮುಂದಾದರೂ ಸಾಕು, ಮುಟ್ಟುವ ದಡ ಬದಲಾಗುತ್ತದೆ. ಇಲಾಖೆಯ ನಕ್ಷೆಯಲ್ಲಿ ದಾರಿಯ ಗೆರೆಯ ಸುತ್ತ ಅಗಲವಾಗುತ್ತ ಹೋಗುವ ಒಂದು ಪಟ್ಟಿ ಇರುತ್ತದೆ, ಅಲ್ವಾ? ಜನ ನಡುವಿನ ಗೆರೆ ಮಾತ್ರ ನೋಡುತ್ತಾರೆ. ಇಲಾಖೆ ಹೇಳುತ್ತಿರುವುದು ಆ ಇಡೀ ಪಟ್ಟಿಯನ್ನು. ಭಾನುವಾರದ ಪಟ್ಟಿಯ ಎಡ ಅಂಚು ಆಂಧ್ರದ ಕರಾವಳಿಗೆ ತೀರಾ ಹತ್ತಿರವಿತ್ತು.

ಸೋಮವಾರ ಮೂರು ಗಂಟೆಗೊಮ್ಮೆ ಬರುವ ಪ್ರಕಟಣೆ ನೋಡಿ ಚುಕ್ಕಿ ಇಡುತ್ತ ಹೋದೆ. ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದು. ಎಲ್ಲ ಚುಕ್ಕಿಗಳೂ ವಾಯವ್ಯಕ್ಕೇ ಸಾಲು ಹಿಡಿದಿದ್ದವು. ಬಾಗುವ ಲಕ್ಷಣವೇ ಇಲ್ಲ. ಹಾಳೆ ಹಿಡಿದು ಮಾಮಾನ ಹತ್ತಿರ ಹೋದೆ. "ಇವತ್ತು ಎಣ್ಣಿ ಬ್ಯಾಡ್ರಿ ಮಾಮಾ. ನಾಳೆ ಮುಂಜಾನಿ ತನಕ ನೋಡೂಣು" ಅಂದೆ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಚುಕ್ಕಿಗಳ ಮೇಲೆ ತಮ್ಮ ಬೆರಳು ಇಟ್ಟು ಮುಂದಕ್ಕೆ ಎಳೆದರು. ಬೆರಳು ಮಚಲೀಪಟ್ಟಣದ ಹತ್ತಿರ ನಿಂತಿತು. "ಆಯ್ತು, ಬಿಡು" ಅಂದರು.

ಮಂಗಳವಾರ ಇಲಾಖೆಯೂ ಅಂದಾಜು ಬದಲಿಸಿತು. ಆಂಧ್ರ ಕರಾವಳಿಗೆ ರೆಡ್ ಅಲರ್ಟ್ ಬಂತು. ಶ್ರೀಕಾಕುಳಂ ಜಿಲ್ಲೆಯ ದಡಕ್ಕೆ ಬಂಗಾರದ ಬಣ್ಣದ ತೇರೊಂದು ತೇಲಿಬಂದ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡಿತು. ಹಮಾಲರು ಅದನ್ನೇ ಮತ್ತೆ ಮತ್ತೆ ನೋಡುತ್ತಿದ್ದರು.

ನಮ್ಮ ಅಂಗಳದಲ್ಲಿ ಗಾಳಿ ತಿರುಗಿತ್ತು. ಮೇ ತಿಂಗಳಲ್ಲಿ ಇಲ್ಲಿ ಪಶ್ಚಿಮ, ವಾಯವ್ಯದ ಗಾಳಿಯೇ ರೂಢಿ. ಆ ಬೆಳಗ್ಗೆ ಹಿರಿಯ ಹೆಣ್ಣುಮಗಳು ಒಂದು ಹಿಡಿ ಹೊಟ್ಟು ಎತ್ತಿ ಬಿಟ್ಟಳು. ಅದು ನೈಋತ್ಯದ ಗೋಡೆಯ ಕಡೆ ಹಾರಿತು. "ಮೂಡಗಾಳಿ ಬಿಟ್ಟದ್ರಿ" ಅಂದಳು. ನಾನು ಅವಳಿಗೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲಲು ಹೇಳಿದೆ. ಹಾಗೆ ನಿಂತರೆ ಚಂಡಮಾರುತ ಇರುವುದು ಎಡಗೈ ಕಡೆ. ಅವಳ ಎಡಗೈ ಸರಿಯಾಗಿ ಆಗ್ನೇಯಕ್ಕೆ, ಆಂಧ್ರದ ಕಡಲಿನ ಕಡೆಗೆ ಚಾಚಿತ್ತು. ಉಳಿದ ಹೆಣ್ಣುಮಕ್ಕಳೂ ಬಂದು ಒಬ್ಬೊಬ್ಬರಾಗಿ ನಿಂತು ನೋಡಿದರು. ಫೋನು, ನಕ್ಷೆ ಯಾವುದೂ ಬೇಡದ ಈ ಲೆಕ್ಕ ಅವರಿಗೆ ಬಹಳ ಹಿಡಿಸಿತು.

ಅಂಗಳದಲ್ಲಿದ್ದ ಹಳೆಯ ಲಾಟು ಹಲ್ಲಿಗೆ ಕಟಕ್ ಅನ್ನುವಷ್ಟು ಒಣಗಿತ್ತು. ಮಧ್ಯಾಹ್ನದೊಳಗೆ ಅದನ್ನು ತುಂಬಿ ಗೋದಾಮಿಗೆ ಸಾಗಿಸಿದೆವು. ತಾಡಪತ್ರಿ ಬಿಚ್ಚಿ ತೂತು ನೋಡಿ ಹೊಲಿಸಿದೆವು. ಮಿಲ್ಲಿನ ತಗಡಿನ ಮೇಲೆ ಕಲ್ಲು ಹೇರಿದೆವು.

ಬುಧವಾರ, ಮೇ 11. ಅಸಾನಿ ದಡದ ಹತ್ತಿರ ಬರುತ್ತ ಬಲ ಕಳೆದುಕೊಂಡಿತು. ನೆಲದ ಒಣ ಗಾಳಿ ಒಳಗೆ ಸೇರಿದರೆ, ಮೇಲಿನ ಗಾಳಿ ಕೆಳಗಿನದಕ್ಕಿಂತ ಬೇರೆ ದಿಕ್ಕಿಗೆ ಎಳೆದರೆ ಚಂಡಮಾರುತದ ಬಲ ಉಳಿಯುವುದಿಲ್ಲ. ಸಂಜೆ ಮಚಲೀಪಟ್ಟಣ ಮತ್ತು ನರಸಾಪುರದ ನಡುವೆ ದಡ ದಾಟುವ ಹೊತ್ತಿಗೆ ಅದು ಚಂಡಮಾರುತಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅತಿ ವಾಯುಭಾರ ಕುಸಿತ ಮಾತ್ರ. ಕಲಬುರಗಿಯಲ್ಲಿ ಸೂರ್ಯ ಮಂಕಾಗಿದ್ದ. ಸಂಜೆ ಒಂದಿಷ್ಟು ಹನಿ ಬಿತ್ತು. ಪಂಚಾಂಗದ ಪ್ರಕಾರ ಕೃತ್ತಿಕಾ ಮಳೆ ಕೂಡುವುದೂ ಆಗಲೇ. ಹಳಬರು ಕೃತ್ತಿಕಾ ಹಿಡಿಯಿತು ಅಂದರು. ನಾನು ಬೇಡ ಅನ್ನಲಿಲ್ಲ.

ಸೋಮವಾರ ಎಣ್ಣೆ ಹಚ್ಚಿದ್ದರೆ ಆ ಹೊಸ ಲಾಟು ಉಳಿಯುತ್ತಿರಲಿಲ್ಲ. ಮಾಲು ಉಳಿಯಿತು, ಆದರೆ ಅಂಗಳ ಖಾಲಿಯಾದರೆ ಹೆಣ್ಣುಮಕ್ಕಳ ದಿನಗೂಲಿಯೂ ಖಾಲಿ. ಇದು ನನಗೆ ಆ ವಾರ ಬಹಳ ಕಾಡಿತು. ಮುನ್ನೆಚ್ಚರಿಕೆಯ ಲಾಭ ಮಿಲ್ಲಿಗೆ, ನಷ್ಟ ಕೂಲಿಯವರಿಗೆ ಆದರೆ ಅದು ನ್ಯಾಯವಲ್ಲ. ಮಾಮಾನಿಗೆ ನೇರವಾಗಿ ಹೇಳಿದೆ. ಚೀಲ ಹೊಲಿಯುವುದು, ಬೇಳೆ ಆರಿಸುವುದು, ಗೋದಾಮು ಬಳಿಯುವುದು ಹೀಗೆ ಒಳಗಿನ ಕೆಲಸ ಹುಡುಕಿ ಎಲ್ಲರಿಗೂ ಪೂರ್ತಿ ಕೂಲಿ ಕೊಟ್ಟೆವು. ಮಾಮಾ ಸ್ವಲ್ಪ ಗೊಣಗಿದರು, ಆದರೆ ಒಪ್ಪಿದರು. ಈಗ ಮೋಡದ ದಿನದ ಕೆಲಸ ಅಂತಲೇ ಒಂದಿಷ್ಟನ್ನು ಮೇ ತಿಂಗಳಿಗೆ ಎತ್ತಿಟ್ಟಿರುತ್ತೇವೆ. ಕಪನೂರದ ಎಲ್ಲ ಮಿಲ್ಲುಗಳಲ್ಲೂ ಹೀಗಾಗಬೇಕು ಅನ್ನುವುದು ನನ್ನ ಆಸೆ.

ಆಮೇಲಿನ ವರ್ಷಗಳಲ್ಲೂ ಹಾಳೆ ನಿಂತಿಲ್ಲ. 2023ರ ಮೇ 14ರಂದು ಮೋಖಾ ಮ್ಯಾನ್ಮಾರ್‌ಗೆ ಹೋಯಿತು. 2024ರ ಮೇ 26ರ ರೆಮಲ್ ಬಂಗಾಳದ ಕಡೆಗೆ ಹೋಯಿತು. ಎರಡೂ ಸಲ ನಾವು ಅಂಗಳದ ಕೆಲಸವನ್ನು ನಸುಕಿಗೇ ಶುರು ಮಾಡಿ, ನೆರಳಿನಲ್ಲಿ ನೀರಿನ ಗಡಿಗೆ ಮತ್ತು ಮಜ್ಜಿಗೆ ಇಟ್ಟೆವು.

2025ರಲ್ಲಿ ಮಾತ್ರ ಕುಸಿತ ಎದ್ದದ್ದು ಆ ಕಡೆ. ಮೇ 24ರಂದು ಅರಬ್ಬಿ ಸಮುದ್ರದ ವಾಯುಭಾರ ಕುಸಿತ ರತ್ನಾಗಿರಿಯ ಹತ್ತಿರ ದಡ ದಾಟಿತು. ಅದೇ ದಿನ ಮುಂಗಾರು ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲೇ. ನಕ್ಷೆಯ ಮೇಲೆ ಅಳೆದು ನೋಡಿದೆ. ಕಲಬುರಗಿಯಿಂದ ರತ್ನಾಗಿರಿ ಸುಮಾರು 375 ಕಿಲೋಮೀಟರ್. ಅಂದರೆ ಮಚಲೀಪಟ್ಟಣಕ್ಕಿಂತ ಆ ಕಡಲೇ ನಮಗೆ ಹತ್ತಿರ. ನನ್ನ ಹಾಳೆಯಾದರೋ 76 ಡಿಗ್ರಿ ರೇಖಾಂಶಕ್ಕೇ ಮುಗಿಯುತ್ತಿತ್ತು. ಅದರ ಎಡಕ್ಕೆ ಇನ್ನೊಂದು ಹಾಳೆ ಅಂಟಿಸಿ 60 ಡಿಗ್ರಿಯವರೆಗೆ ಬೆಳೆಸಿದ್ದೇನೆ. ಎಣ್ಣೆ ಹಚ್ಚುವ ಮೊದಲು ಮಾಮಾ ಈಗ ಎರಡೂ ಕಡೆ ಏನಿದೆ ಅಂತ ಕೇಳುತ್ತಾರೆ.