ಹಪ್ಪಳದ ಟ್ರಂಕು

9 ಜೂನ್ 2024, ಭಾನುವಾರ
ನೀರ್ಚಾಲು, ಕಾಸರಗೋಡು ಜಿಲ್ಲೆ

ಬೆಳಗ್ಗಿನಿಂದ ಮಳೆ ಬಿಟ್ಟಿಲ್ಲ. ಅಕ್ಕ, ಭಾವ ಮಗನನ್ನು ಕರೆದುಕೊಂಡು ಬಂದಿದ್ದಾರೆ. ಹುಡುಗ ಪ್ಲಸ್ ಟು ಮುಗಿಸಿದ್ದಾನೆ. ಮಂಗಳೂರಿನಲ್ಲಿ ಸೀಟು ಸಿಕ್ಕಿದೆ, ಉಜಿರೆಗೂ ಅರ್ಜಿ ಹಾಕಿದ್ದಾನೆ. ಅಲ್ಲಿನ ಸಿದ್ಧವನ ಗುರುಕುಲದಲ್ಲಿ ನಿಂತು ಓದಲಿ ಎಂದು ಭಾವನಿಗೆ ಆಸೆ. 1940ರಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು ಆರಂಭಿಸಿದ್ದು. ಪ್ರಾರ್ಥನೆ, ಯೋಗ, ತೋಟದ ಕೆಲಸ ಎಲ್ಲ ಉಂಟು. ಅಕ್ಕನಿಗೆ ಪೇಟೆಯೇ ಆಗಬೇಕು. ಎರಡೂ ಬಗೆಯನ್ನು ಕಂಡವನು ಮನೆಯಲ್ಲಿ ನಾನೊಬ್ಬನೇ ಆದ್ದರಿಂದ ಪಂಚಾಯಿತಿಕೆ ನನ್ನ ತಲೆಗೆ ಬಂತು.

ಭಾವ ಆಗಲೇ ಅಟ್ಟ ಹತ್ತಿ ನನ್ನ ಹಳೆಯ ಟ್ರಂಕನ್ನು ಇಳಿಸಿದ್ದರು. ಅದರಲ್ಲಿದ್ದ ಹಲಸಿನ ಹಪ್ಪಳದ ಕಟ್ಟುಗಳನ್ನು ಅಮ್ಮ ಗೊಣಗುತ್ತಲೇ ಚಾಪೆಗೆ ಸುರಿದಳು.

“ಮಾವ, ಯಾವುದು ಒಳ್ಳೆಯದು?”

ಡಿಗ್ರಿಯ ಮೂರು ವರ್ಷ ನಾನಿದ್ದದ್ದು ಘಟ್ಟದ ಬುಡದ ಆಶ್ರಮದಂಥ ಒಂದು ಹಾಸ್ಟೆಲಿನಲ್ಲಿ. ಬೆಳಗ್ಗೆ ಐದಕ್ಕೆ ಗಂಟೆ. ಬಾರಿಸುವ ಸರದಿ ನಮ್ಮದೇ. ಸರದಿಯವನು ಮಲಗಿಬಿಟ್ಟರೆ ನಲವತ್ತು ಮಂದಿಯ ಪುಣ್ಯ. ಉದ್ದನೆಯ ಹಾಲ್, ಸಾಲು ಚಾಪೆ, ತಲೆಯ ಬಳಿ ಟ್ರಂಕು. ಬಟ್ಟಲಿನ ಅಂಚಿಗೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿಕೊಂಡಿದ್ದೆ. ಆದರೂ ನನ್ನ ಬಟ್ಟಲಲ್ಲಿ ನಾನು ಉಂಡ ದಿನಗಳು ಕಡಿಮೆ. ಮಳೆಗಾಲದಲ್ಲಿ ಒಲೆಯ ಮೇಲಿನ ಹಗ್ಗದಲ್ಲಿ ಬಟ್ಟೆ ಹರವಲು ಜಗಳ. ತರಗತಿಯಲ್ಲಿ ಹೊಗೆಯ ವಾಸನೆ ಬಂದರೆ ನಾವು ಬಂದೆವೆಂದೇ ಅರ್ಥ. ಕತ್ತಲಲ್ಲಿ ಯಾರು ಕೆಮ್ಮಿದರೂ ಇಂಥವನೇ ಎಂದು ಹೇಳುತ್ತಿದ್ದೆ.

ಅಲ್ಲಿ ಶಿಸ್ತು ಕಲಿತೆ ಎಂದು ನಾನು ಹೇಳಲಿ ಎಂದು ಭಾವ ಕಾದು ಕುಳಿತಿದ್ದರು. ಸುಳ್ಳು ಹೇಗೆ ಹೇಳಲಿ? ಮುಂದೆ ಓದಲು ಮಂಗಳೂರಿಗೆ ಹೋದ ಮೊದಲ ವಾರವೇ ಒಂಬತ್ತು ಗಂಟೆಗೆ ಏಳತೊಡಗಿದ್ದೆ. ಓದಿದ್ದು ಮಾತ್ರ ಅಲ್ಲೇ ಹೆಚ್ಚು. ರಾತ್ರಿ ಎರಡರವರೆಗೆ ದೀಪ ಉರಿಸಿದರೂ ಕೇಳುವವರಿಲ್ಲ. ಆದರೆ ನಾನಿದ್ದ ಪೇಯಿಂಗ್ ಗೆಸ್ಟ್ ವಸತಿಯಲ್ಲಿ ಪಕ್ಕದ ಕೋಣೆಯವನ ಹೆಸರು ಮೂರು ತಿಂಗಳಾದರೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವನ ಚಪ್ಪಲಿ: ನೀಲಿ ಪಟ್ಟಿಯ ಹವಾಯಿ, ಎಡಗಾಲಿನದಕ್ಕೆ ಪಿನ್ನು. ನಾನು ಜ್ವರದಲ್ಲಿ ಎರಡು ದಿನ ಮಲಗಿದ್ದಾಗ ಆ ಚಪ್ಪಲಿಯ ಸದ್ದು ಬಾಗಿಲ ಮುಂದೆ ಎಷ್ಟೋ ಸಲ ಹಾದುಹೋಯಿತು. ನಾನೂ ಕರೆಯಲಿಲ್ಲ.

ಎರಡೂ ಕಡೆ ಬದಲಾಗದೆ ಉಳಿದದ್ದು ನನ್ನ ಅಡ್ಡಹೆಸರು, ‘ಕೇರಳ’. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅಜ್ಜನನ್ನು ಕೇಳದೆ ಇಟ್ಟ ಹೆಸರದು.

ಅಜ್ಜನ ಮಾತು ಬಂದದ್ದೇ ಅಮ್ಮ ಬಾಯಿ ಹಾಕಿದಳು. 1911ರಲ್ಲಿ ಆರಂಭವಾದ ನಮ್ಮೂರ ಮಹಾಜನ ಸಂಸ್ಕೃತ ಕಾಲೇಜಿಗೆ ಅಜ್ಜ ದೂರದಿಂದ ಬಂದು ಸೇರಿದವರು, ಊಟ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. “ನಿಮಗೆ ಬಟ್ಟಲಿನ ಚಿಂತೆ!” ಎಂದಳು. ಹೆಸರಿನಲ್ಲಿ ಕಾಲೇಜು ಉಳಿಸಿಕೊಂಡಿರುವ ಅದೇ ಶಾಲೆಯಲ್ಲಿ ಹುಡುಗ ಈಗ ಪ್ಲಸ್ ಟು ಮುಗಿಸಿದ್ದು.

ಅವನು ಅಷ್ಟು ಹೊತ್ತೂ ಮೊಬೈಲ್ ನೋಡುತ್ತಿದ್ದ. ಕೊನೆಗೆ ತಲೆಯೆತ್ತಿ, “ಕುಂಬಳೆಯಿಂದ ರೈಲಿನಲ್ಲಿ ದಿನಾ ಹೋಗಿಬರುತ್ತೇನೆ. ಸೀಸನ್ ಟಿಕೆಟ್ ಮಾಡಿಸಿದರೆ ಆಯಿತು” ಎಂದ.

ಯಾರಿಗೂ ಇದು ಹೊಳೆದಿರಲಿಲ್ಲ. ನಮ್ಮ ಕಡೆಯ ಎಷ್ಟೋ ಮಕ್ಕಳು ಓದುವುದೇ ಹಾಗೆ. 2021ರ ಫೆಬ್ರುವರಿಯಲ್ಲಿ ಕರ್ನಾಟಕಕ್ಕೆ ಹೋಗಲು ಕೊರೊನಾ ಪರೀಕ್ಷೆಯ ವರದಿ ಕಡ್ಡಾಯವಾದಾಗ ಗಡಿಯ ತಲಪಾಡಿಯಲ್ಲಿ ಅಂಥವರು ಪಟ್ಟ ಪಾಡನ್ನು ನೆನಪಿಸಿದೆ. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಗಿನ ರೈಲು ಎಷ್ಟು ಗಂಟೆಗೆ, ಬುತ್ತಿಗೆ ಏನು ಕಟ್ಟುವುದು ಎಂಬಲ್ಲಿಗೆ ಮುಟ್ಟಿದ್ದಳು.

ಭಾವ ಮಾತಾಡದೆ ಅಂಗಳದ ಮಳೆ ನೋಡುತ್ತಿದ್ದರು. ಅಮ್ಮ ಹಪ್ಪಳದ ಕಟ್ಟುಗಳನ್ನು ಒಂದೊಂದಾಗಿ ಎಣಿಸಿ ಮತ್ತೆ ಟ್ರಂಕಿಗೆ ತುಂಬಿದಳು.