ಮೂಲ ಊರಿಗೆ ಹಿರೀಕರನ್ನು ಹುಡುಕಿ ಹೋಗುವವರಿಗೆ: ಮೊದಲು ಸರ್ವೆ ನಂಬರ್, ಆಮೇಲೆ ಹೆಸರು

ಮನೆತನದ ಬೇರು ಹುಡುಕಿಕೊಂಡು ಮೂಲ ಊರಿಗೆ ಹೋಗುವವರಲ್ಲಿ ಬಹಳಷ್ಟು ಜನ ಮುತ್ತಜ್ಜನ ಹೆಸರೊಂದನ್ನೇ ನಂಬಿಕೊಂಡು ಬಸ್ಸು ಹತ್ತುತ್ತಾರೆ. ಕೆಲಸ ಕೆಡುವುದೇ ಅಲ್ಲಿ. ತಾತನ ಹೆಸರು ಮೊಮ್ಮಗನಿಗೆ ಇಡುವ ರೂಢಿ ಇರುವುದರಿಂದ ಒಂದೇ ವಂಶದಲ್ಲಿ ಮೂವರು ಬೋರೇಗೌಡರು, ಹಿಂದಿನ ಬೀದಿಯಲ್ಲಿ ಇನ್ನಿಬ್ಬರು ಸಿಗುತ್ತಾರೆ. ಜಮೀನಾದರೆ ಇದ್ದಲ್ಲೇ ಇರುತ್ತದೆ. ಹೊರಡುವ ಮುನ್ನ ಹಳೇ ಟ್ರಂಕು ತೆರೆದು ಪಹಣಿ, ಕಂದಾಯ ರಸೀದಿ, ಸಾಲದ ಪತ್ರ, ಯಾವುದಾದರೂ ಒಂದರಿಂದ ಸರ್ವೆ ನಂಬರ್, ಗ್ರಾಮ, ಹೋಬಳಿ ಬರೆದುಕೊಳ್ಳಿ. ಕಾಗದವೇ ಇಲ್ಲದಿದ್ದರೆ ಊರಿನ ಹಿರಿಯರ ಹತ್ತಿರ ಹೊಲ ಎಲ್ಲಿತ್ತು ಎಂದು ಕೇಳಿ. ಜಾಗ ಗೊತ್ತಾದರೆ ಗ್ರಾಮ ನಕ್ಷೆ ನೋಡಿ ನಂಬರ್ ಹೇಳುವುದು ಗ್ರಾಮ ಆಡಳಿತ ಅಧಿಕಾರಿಗೆ ಕಷ್ಟವಲ್ಲ.

ಜಾತ್ರೆಗೆ ಹೋದರೆ ಊರು ಬಿಟ್ಟವರೆಲ್ಲ ಒಟ್ಟಿಗೆ ಸಿಗುತ್ತಾರೆ, ಆದರೆ ಕಚೇರಿ ಕೆಲಸ ಆಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ದಿನ ಇಟ್ಟುಕೊಳ್ಳಿ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ರಜೆ ಎಂಬುದೂ ನೆನಪಿರಲಿ.

ಇಂದಿನಿಂದ ಹಿಂದಕ್ಕೆ ಹೋಗಬೇಕು. ಕಂದಾಯ ಇಲಾಖೆಯ ಭೂಮಿ ತಂತ್ರಾಂಶದ ಪಹಣಿಯಲ್ಲಿ ಮಾಲೀಕರ ಹೆಸರಿನ ಜೊತೆ ಎಂ.ಆರ್. ನಂಬರ್ (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆ ಪುಸ್ತಕದ ಸಂಖ್ಯೆ) ಇರುತ್ತದೆ. ಆ ನಂಬರ್ ಕೊಟ್ಟು ಮ್ಯುಟೇಶನ್ ಪುಟದ ನಕಲು ಕೇಳಿ. ಕ್ರಯದ ನಮೂದಿನಿಂದ ಹೆಚ್ಚು ಉಪಯೋಗವಿಲ್ಲ. ನಮಗೆ ಬೇಕಾದದ್ದು ಪೌತಿ ಖಾತೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಆದದ್ದು (ಉತ್ತರ ಕರ್ನಾಟಕದಲ್ಲಿ ವಾರಸಾ), ಮತ್ತು ಪಾಲು ವಿಭಾಗದ ನಮೂದು. ಸತ್ತವರು ಯಾರು, ವಾರಸುದಾರರು ಯಾರು, ಅವರ ಸಂಬಂಧ ಏನು ಎಂಬುದು ಅಲ್ಲಿರುತ್ತದೆ. ಒಂದು ತಲೆಮಾರು ತಿಳಿದ ಮೇಲೆ ಅದರ ಹಿಂದಿನ ಎಂ.ಆರ್., ಹೀಗೆ ಒಂದೊಂದೇ ಮೆಟ್ಟಿಲು. ಕಂಪ್ಯೂಟರ್‌ಗಿಂತ ಹಿಂದಿನದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಕೈಬರಹದ ಪುಸ್ತಕಗಳಲ್ಲಿದೆ. ಅರ್ಜಿಯಲ್ಲಿ 'ಹಳೆಯ ದಾಖಲೆ ಕೊಡಿ' ಎಂದು ಬರೆದರೆ ಅದು ಹಾಗೇ ವಾಪಸ್ ಬರುತ್ತದೆ. ಯಾವ ಇಸವಿಯಿಂದ ಯಾವ ಇಸವಿವರೆಗೆ ಎಂದು ನಮೂದಿಸಲೇಬೇಕು.

ಓದುವಾಗ ಸಣ್ಣ ಅಕ್ಷರಗಳ ಮೇಲೆ ಕಣ್ಣಿಡಿ. ಹಳೇ ಮೈಸೂರು ಕಡೆ 'ಬಿನ್' ಎಂದರೆ ಮಗ, 'ಕೋಂ' ಎಂದರೆ ಹೆಂಡತಿ. ಬೆಳಗಾವಿ, ಧಾರವಾಡದ ಕಡೆ 'ಅ.ಪಾ.ಕ.' ಎಂದಿದ್ದರೆ ಖಾತೆದಾರ ಆಗಿನ್ನೂ ಅಪ್ರಾಪ್ತ, ಮುಂದಿರುವ ಹೆಸರು ಪಾಲಕರದು. ಅಂದರೆ ಮಗ ದೊಡ್ಡವನಾಗುವ ಮೊದಲೇ ಅಪ್ಪ ತೀರಿಕೊಂಡಿರಬಹುದು. 'ಏ.ಕು.ಮ್ಯಾ.' ಕಂಡರೆ ಅವನು ಒಟ್ಟು ಕುಟುಂಬದ ಮ್ಯಾನೇಜರ್, ಅವನ ಹಿಂದೆ ಹೆಸರು ಬರೆಯದ ತಮ್ಮಂದಿರು ಇರಬಹುದು. ಇಷ್ಟು ಗೊತ್ತಿಲ್ಲದೆ ಅವನನ್ನು ಒಬ್ಬನೇ ಮಗ ಎಂದು ವಂಶವೃಕ್ಷದಲ್ಲಿ ಬರೆದುಬಿಡುವವರೇ ಹೆಚ್ಚು.

ಇನ್ನೊಂದು ಎಡವಟ್ಟು ತಾರೀಖಿನದು. ಖಾತೆ ಬದಲಾದ ದಿನ ಸತ್ತ ದಿನವಲ್ಲ. ಅಜ್ಜ ಹೋಗಿ ಇಪ್ಪತ್ತು ವರ್ಷವಾದರೂ ಅವರ ಹೆಸರಲ್ಲೇ ಕಂದಾಯ ಕಟ್ಟುವ ಮನೆಗಳಿಗೆ ಬರವಿಲ್ಲ. ಸರ್ವೆ ನಂಬರೂ ಪೋಡಿಯಾದಾಗ (ಜಮೀನನ್ನು ಅಳೆದು ಭಾಗ ಮಾಡಿದಾಗ) ಒಡೆಯುತ್ತದೆ, ರೀಸರ್ವೆಯಾದರೆ ಬದಲಾಗುತ್ತದೆ. ದಾರಿ ತಪ್ಪಿತು ಅನ್ನಿಸಿದರೆ ಸರ್ವೆ ಇಲಾಖೆಯಲ್ಲಿ ಆಕಾರ್‌ಬಂದ್ (ನಂಬರ್‌ವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಅಳತೆಯ ನಕ್ಷೆ) ತೆಗೆಸಿ ಹಳೆ ನಂಬರ್‌ಗೂ ಹೊಸದಕ್ಕೂ ತಾಳೆ ಹಾಕಿ. ಮುಂಬೈ ಕರ್ನಾಟಕದ ಹಳೆಯ ಕಡತ ಮೋಡಿ ಲಿಪಿಯಲ್ಲಿ (ಮರಾಠಿಯ ಹಳೇ ಕೂಡುಬರಹ), ಕಲಬುರಗಿ ಕಡೆಯದು ಉರ್ದುವಿನಲ್ಲಿ ಸಿಗಬಹುದು. ಕೌಂಟರಿನ ಮುಂದೆ ನಿಂತು ಪರದಾಡುವ ಬದಲು ನಕಲು ತಂದು ಬಲ್ಲವರಿಂದ ಓದಿಸಿ.

ಗೇಣಿದಾರರ ಮನೆತನವಾದರೆ ಭೂ ನ್ಯಾಯಮಂಡಳಿಯ ನಮೂನೆ 7ರ ಕಡತ ಕೇಳಿ. 1974ರ ಭೂಸುಧಾರಣೆಯ ನಂತರ ಸಲ್ಲಿಸಿದ ಆ ಅರ್ಜಿಗಳ ಜೊತೆ ಸಾಕ್ಷಿ ಹೇಳಿಕೆಗಳಿರುತ್ತವೆ, ಯಾರ ಕಾಲದಿಂದ ಉಳುತ್ತಿದ್ದೇವೆ ಎಂದು ಮನೆಯವರೇ ಹೇಳಿದ್ದು. ತಳವಾರ, ತೋಟಿ, ನೀರಗಂಟಿ, ಶಾನುಭೋಗ, ಪಟೇಲ ಮನೆತನಗಳಿಗೆ 1961ರ ಗ್ರಾಮ ಹುದ್ದೆ ರದ್ದತಿ ಕಾಯ್ದೆಯಡಿ ನಡೆದ, ಹುದ್ದೆಗೆ ಸೇರಿದ್ದ ಜಮೀನಿನ ಮರುಮಂಜೂರಾತಿ ಕಡತವೇ ದೊಡ್ಡ ಆಸರೆ. ಜಮೀನೂ ಇಲ್ಲ, ಹುದ್ದೆಯೂ ಇಲ್ಲ ಎಂದಾದರೆ ಊರಿನ ಹಳೇ ಶಾಲೆಯ ದಾಖಲಾತಿ ಪುಸ್ತಕ ನೋಡಿ.

ಅಂದಹಾಗೆ, ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರದಿಂದ ಹಿರೀಕರು ಸಿಗುತ್ತಾರೆ ಎಂದುಕೊಳ್ಳಬೇಡಿ. ಅದು ಅರ್ಜಿದಾರರೇ ಅಫಿಡವಿಟ್‌ನಲ್ಲಿ ಹೇಳಿದ್ದನ್ನು ಆಧರಿಸಿದ್ದು.

ಕಾಗದ ನಿಂತಲ್ಲಿ ಹೆಳವರು, ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟು ಊರೂರು ತಿರುಗಿ ಹೇಳುವ ಸಮುದಾಯದವರು, ಬೇಕಾಗುತ್ತಾರೆ. ಒಂದೊಂದು ಹೆಳವರ ಮನೆತನಕ್ಕೆ ಇಂತಿಷ್ಟು ಊರು, ಇಂಥ ಒಕ್ಕಲು ಎಂದು ಹಂಚಿಕೆಯಿದೆ. ಸುಗ್ಗಿ ಮುಗಿದ ಮೇಲೆ ಬರುವುದು ವಾಡಿಕೆ, ಹಾಗಾಗಿ ನಿಮ್ಮ ಮನೆತನದ ಹೆಳವರು ಯಾರು, ಕಳೆದ ಸಲ ಯಾರ ಮನೆಗೆ ಬಂದಿದ್ದರು ಎಂದು ಊರಿನಲ್ಲಿ ವಿಚಾರಿಸಿ. ಬಾಯಲ್ಲಿ ಹೊಗಳುವುದನ್ನಷ್ಟೇ ಕೇಳಿ ಕಳಿಸಬೇಡಿ, ಪುಸ್ತಕ ಬಿಚ್ಚಿ ಓದಿಸಿ. ಮೊದಲಲ್ಲಿ ಬರುವ ಪುರಾಣವನ್ನು ಬೇರೆ ಬರೆದುಕೊಳ್ಳಿ. ಯಾವ ಊರಿಂದ ಯಾವ ಊರಿಗೆ ಬಂದರು, ಎಲ್ಲಿ ಕವಲೊಡೆದರು ಎಂಬ ಭಾಗ ಪಹಣಿಯಲ್ಲಿ ಎಂದೂ ಸಿಗದು. ಕೇಳದೆ ಪುಸ್ತಕದ ಫೋಟೊ ತೆಗೆಯಬೇಡಿ, ಅದು ಅವರ ಅನ್ನ. ಕಾಳು, ಹಣ, ಸಂಪ್ರದಾಯದ ಪ್ರಕಾರ ಸಲ್ಲಬೇಕಾದದ್ದನ್ನು ಸಲ್ಲಿಸಿ.

ಹೆಣ್ಣುಮಕ್ಕಳನ್ನು ಹುಡುಕುವುದು ಕಷ್ಟ. ಅವರ ಹೆಸರು ಸಿಗುವುದು ಹೆಚ್ಚಾಗಿ ದಾನಪತ್ರ, ವಿಭಾಗಪತ್ರಗಳಲ್ಲಿ. ಆನ್‌ಲೈನಿನಲ್ಲಿ ಸಿಗುವ ಋಣಭಾರ ಪತ್ರ (ಇ.ಸಿ., ಆಸ್ತಿಯ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ) 2004ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲೇ ಶೋಧನೆಗೆ ಅರ್ಜಿ ಹಾಕಬೇಕು. ಅಲ್ಲಿ ಒಂದನೇ ಇಂಡೆಕ್ಸ್ ವ್ಯಕ್ತಿಗಳ ಹೆಸರಿನದು, ಎರಡನೆಯದು ಆಸ್ತಿಯದು. ಸರ್ವೆ ನಂಬರ್ ಕೈಯಲ್ಲಿದ್ದರೆ ಎರಡನೆಯದನ್ನೇ ತೆಗೆಸಿ. ಪತ್ರದಲ್ಲಿ ಅಜ್ಜಿಯ ತವರೂರು ಕಂಡರೆ ಆ ಊರಿನ ತಾಲ್ಲೂಕು ಕಚೇರಿಗೆ ಇನ್ನೊಂದು ಅರ್ಜಿ ಬರೆಯಿರಿ.